ಇಪ್ಪತ್ತೋ ಎಪ್ಪತ್ತೋ

ವಾಣಿವಿಲಾಸ ಸಾಗರಕ್ಕೆ ಎಷ್ಟು ಅಡಿ ನೀರು ಬಂತು ಎಂಬುದು ಹಿರಿಯೂರು, ಹೊಸದುರ್ಗದ ಕಡೆ ಮಳೆಗಾಲದಲ್ಲಿ ಬಾಯಿಂದ ಬಾಯಿಗೆ ದಾಟುವ ಸುದ್ದಿ. 1907ರಲ್ಲಿ ಕಟ್ಟಿ ಮುಗಿದ ಈ ಜಲಾಶಯದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಹಾಗಾಗಿ ಇಲ್ಲಿಯವರಿಗೆ ಒಂದೊಂದು ಅಡಿಯೂ ಲೆಕ್ಕ. ಇಂಥದೊಂದು ಅಂಕಿಯನ್ನು ತಾನಾಗಿ ಓದಿ ಕನ್ನಡದಲ್ಲಿ ಗಟ್ಟಿಯಾಗಿ ಹೇಳುವ ಪೆಟ್ಟಿಗೆಯನ್ನು ಇವತ್ತು ಡಿಪ್ಲೊಮಾ ಓದುವ ಮಕ್ಕಳು ಮನೆಯಲ್ಲೇ ಕಟ್ಟಬಲ್ಲರು. ಒಂದು ಮೈಕ್ರೋಕಂಟ್ರೋಲರ್ ಬೋರ್ಡು, ಮಟ್ಟ ಅಳೆಯುವ ಸೆನ್ಸರ್, ಅಂಕಿಗಳ ಧ್ವನಿಮುದ್ರಣ ತುಂಬಿದ ಮೆಮೊರಿ ಕಾರ್ಡು ಇದ್ದರೆ ಆಯಿತು. ಅಣೆಕಟ್ಟೆಯೇ ಆಗಬೇಕೆಂದಿಲ್ಲ, ಊರ ಓವರ್‌ಹೆಡ್ ಟ್ಯಾಂಕಿನ ಮಟ್ಟ, ಅಡಿಕೆ ಧಾರಣೆ, ಮೋಟರಿಗೆ ತ್ರೀಫೇಸ್ ಕರೆಂಟು ಬಂದ ಹೊತ್ತು, ಯಾವುದಾದರೂ ಸರಿ. ಇಷ್ಟೆಲ್ಲ ಜತನದಿಂದ ಮಾಡಿದ ಕೆಲಸ ಹಾಳಾಗುವುದು ಬಹುಪಾಲು ಒಂದೇ ಕಡೆ: ಬೋರ್ಡಿನಿಂದ ಆಂಪ್ಲಿಫೈಯರ್‌ಗೆ ಹೋಗುವ ತಂತಿಯಲ್ಲಿ. ಪೆಟ್ಟಿಗೆ ಹೇಳಿದ್ದು ಇಪ್ಪತ್ತೋ ಎಪ್ಪತ್ತೋ ಎಂದು ಕೇಳುವವರಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಕಟ್ಟಿದ ಪೆಟ್ಟಿಗೆಯಿಂದ ದನಿಯನ್ನು ದನಿಯಾಗಿ ಹೊರಗೆ ಕಳಿಸಬಾರದು, ಅಂಕಿಯಾಗಿಯೇ ಕಳಿಸಿ ಆಂಪ್ಲಿಫೈಯರಿನ ಬುಡದಲ್ಲಿ ದನಿ ಮಾಡಬೇಕು ಎಂಬುದು ಈ ಬರಹದ ವಾದ. ಶೋಕಿಗಾಗಿ ಹೇಳುವ ಮಾತಲ್ಲ ಇದು. ಕನ್ನಡದ ಮಾತು ಕನ್ನಡವಾಗಿಯೇ ಕೇಳಿಸಬೇಕಾದರೆ ಬೇಕಾದ ಏರ್ಪಾಡು.

ಮೊದಲು ಈಗ ನಡೆಯುತ್ತಿರುವುದನ್ನು ನೋಡೋಣ. 2016ರಿಂದ ಶಾಲೆಗಳಿಗೆ ಬಂದ ಅಟಲ್ ಟಿಂಕರಿಂಗ್ ಲ್ಯಾಬುಗಳಲ್ಲಿ, ಪಾಲಿಟೆಕ್ನಿಕ್‌ಗಳ ಪ್ರಾಜೆಕ್ಟ್ ಮೇಜುಗಳ ಮೇಲೆ ಹೆಚ್ಚಾಗಿ ಕಾಣುವುದು ಹಳೆಯ ಆರ್ಡುಯಿನೋ ಯುನೋ ಬೋರ್ಡು. ಅದರಲ್ಲಿ ಅಂಕಿಯನ್ನು ವೋಲ್ಟೇಜಾಗಿ ಬದಲಿಸುವ ಡ್ಯಾಕ್ ಇಲ್ಲ. ಹಾಗಾಗಿ ಒಂದು ಪಿನ್ನನ್ನು ಅತಿ ವೇಗವಾಗಿ ಆನ್ ಆಫ್ ಮಾಡಿ, ಆನ್ ಇರುವ ಹೊತ್ತನ್ನು ಹಿಗ್ಗಿಸಿ ಕುಗ್ಗಿಸಿ, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ ದನಿಯಂಥದ್ದನ್ನು ಹೊರಡಿಸುತ್ತಾರೆ. ಪಿಡಬ್ಲ್ಯುಎಂ ಎಂದು ಕರೆಯುವ ಈ ಉಪಾಯದಲ್ಲಿ ಸಾಮಾನ್ಯವಾಗಿ ಸಿಗುವುದು 8 ಬಿಟ್, ಅಂದರೆ 256 ಮೆಟ್ಟಿಲು. ಮೊದಲ ಇಎಸ್‌ಪಿ32 ಬೋರ್ಡಿನಲ್ಲಿ ಎರಡು ಡ್ಯಾಕ್ ಇವೆ ನಿಜ, ಆದರೆ ಅವೂ 8 ಬಿಟ್ಟಿನವೇ. ಮಾತಿನಲ್ಲಿ ಎಲ್ಲ ಅಕ್ಷರವೂ ಒಂದೇ ಎತ್ತರದಲ್ಲಿ ಬರುವುದಿಲ್ಲ. ಬಾಯಿ ತೆರೆದು ಹೇಳುವ ‘ಆ’ಕಾರಕ್ಕಿಂತ ಉಸಿರಿನಲ್ಲಿ ಸುಳಿಯುವ ವ್ಯಂಜನ 30 ಡೆಸಿಬೆಲ್‌ವರೆಗೂ ಕೆಳಗಿರಬಹುದು, ಎತ್ತರದ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 32ರಲ್ಲಿ ಒಂದು ಪಾಲು. 256 ಮೆಟ್ಟಿಲಿನ ಏಣಿಯಲ್ಲಿ ಆ ವ್ಯಂಜನಕ್ಕೆ ಉಳಿಯುವುದು ಬರೀ 8 ಮೆಟ್ಟಿಲು. ಅದೇ 16 ಬಿಟ್ಟಿನ ಏಣಿಯಲ್ಲಿ 65,536 ಮೆಟ್ಟಿಲಿವೆ, ಆ ಸಣ್ಣ ವ್ಯಂಜನಕ್ಕೂ 2,048 ಸಿಗುತ್ತವೆ. ಎಂಟೇ ಮೆಟ್ಟಿಲಿನಲ್ಲಿ ಹತ್ತಿ ಇಳಿಯುವ ‘ಸ’ಕಾರ ‘ಸ’ಕಾರವಾಗಿ ಉಳಿಯುವುದಿಲ್ಲ, ಮರಳು ಜರಡಿ ಹಿಡಿದ ಸದ್ದಾಗುತ್ತದೆ.

ಇದು ಪಿನ್ನಿನ ಒಳಗಿನ ತೊಂದರೆ. ಹೊರಗಿನದು ಇನ್ನೂ ದೊಡ್ಡದು. ಬೋರ್ಡಿಗೆ ಕರೆಂಟು ಕೊಡುವುದು ಒಂದು ಗೋಡೆಯ ಮೊಬೈಲ್ ಚಾರ್ಜರು, ಮೈಕ್ ಸೆಟ್ಟಿಗೆ ಕೊಡುವುದು ಇನ್ನೊಂದು ಕೋಣೆಯ ಪ್ಲಗ್ಗು. ಎರಡರ ಗ್ರೌಂಡೂ ಒಂದೇ ಮಟ್ಟದಲ್ಲಿರುವುದಿಲ್ಲ. ನಡುವೆ ಆಕ್ಸ್ ತಂತಿ ಎಳೆದ ಕೂಡಲೆ ಆ ವ್ಯತ್ಯಾಸ ತಂತಿಯ ಹೊರಜಾಲರಿಯಲ್ಲಿ ಹರಿಯತೊಡಗುತ್ತದೆ, ದನಿಯ ಜೊತೆ ಬೆರೆತು ಆಂಪ್ಲಿಫೈಯರಿನೊಳಗೆ ನುಗ್ಗುತ್ತದೆ. ನಮ್ಮ ಕರೆಂಟಿನ ಆವರ್ತ 50 ಹರ್ಟ್ಸ್. ಕೆಪಾಸಿಟರ್ ಸೊರಗಿದ ಪವರ್ ಸಪ್ಲೈನಿಂದ ಬರುವ ಏರಿಳಿತ 100 ಹರ್ಟ್ಸ್. ಇವು ಒಂಟಿಯಾಗಿ ಬರುವುದಿಲ್ಲ. 200, 300, 400, 500 ಎಂದು ತಮ್ಮ ಮರಿಗಳನ್ನೂ ಕರೆತರುತ್ತವೆ. ಹಾರ್ನ್ ಸ್ಪೀಕರು 300 ಹರ್ಟ್ಸಿಗಿಂತ ಕೆಳಗಿನದನ್ನು ಹೆಚ್ಚುಕಡಿಮೆ ಬಿಟ್ಟೇಬಿಡುವುದರಿಂದ ಮೂಲದ ಗುಂಯ್‌ಗುಡುವಿಕೆ ಕೇಳಿಸದೆ ಹೋಗಬಹುದು, ಆದರೆ ಮರಿಗಳ ಜಿರ್ ಎನ್ನುವ ಸದ್ದು ಊರೆಲ್ಲ ಹರಡುತ್ತದೆ. ಇಷ್ಟನ್ನು ಮೈಕ್ ಸೆಟ್ ಹಾಕುವ ಪ್ರತಿಯೊಬ್ಬರೂ ಬಲ್ಲರು. ಆ ಸದ್ದು ಕನ್ನಡದ ಯಾವ ಅಕ್ಷರದ ಮೇಲೆ ಕೂತುಬಿಡುತ್ತದೆ ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

ಸ್ವರಗಳನ್ನು ಕಿವಿ ಗುರುತಿಸುವುದು ಬಾಯಿಯ ಪೊಳ್ಳಿನಲ್ಲಿ ಯಾವ ಯಾವ ಆವರ್ತಗಳು ಗಟ್ಟಿಯಾಗಿ ಅನುರಣಿಸುತ್ತವೆ ಎಂಬುದರಿಂದ. ‘ಇ’ ಹೇಳುವಾಗ ಮೊದಲ ಅನುರಣನ ಸುಮಾರು 300ರಿಂದ 400 ಹರ್ಟ್ಸಿನಲ್ಲಿ, ‘ಎ’ ಹೇಳುವಾಗ ಸುಮಾರು 450ರಿಂದ 550ರಲ್ಲಿ ಬೀಳುತ್ತದೆ. ಕರೆಂಟಿನ ಮರಿಗಳು ಬಂದು ಕೂರುವುದೂ ಅಲ್ಲಿಯೇ: 300, 400, 500. ಎರಡನೆಯ ಗುರುತು 2,000 ಹರ್ಟ್ಸಿನ ಆಸುಪಾಸಿನಲ್ಲಿದೆ, ಆದರೆ ಅಲ್ಲಿ 8 ಬಿಟ್ಟಿನ ಒರಟು ಸದ್ದು ಹಾಸಿಕೊಂಡಿರುತ್ತದೆ. ಈಗ ಇಪ್ಪತ್ತು, ಎಪ್ಪತ್ತು ಎಂಬ ಎರಡು ಮಾತನ್ನು ಪಕ್ಕಪಕ್ಕ ಇಟ್ಟು ನೋಡಿ. ‘ಪ್ಪತ್ತು’ ಎರಡಕ್ಕೂ ಒಂದೇ. ಬೇರೆಯಾಗಿರುವುದು ಮೊದಲ ಹ್ರಸ್ವ ಸ್ವರ ಒಂದೇ, ಅದೂ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವಂಥದ್ದು. ಕ್ವಿಂಟಲಿಗೆ ಇಪ್ಪತ್ತು ಸಾವಿರವೋ ಎಪ್ಪತ್ತು ಸಾವಿರವೋ ಎಂಬ ವ್ಯತ್ಯಾಸವನ್ನು ಭೀಮಸಮುದ್ರದ ಅಡಿಕೆ ಬೆಳೆಗಾರರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಎಂಬತ್ತು, ತೊಂಬತ್ತು ಎಂಬ ಜೋಡಿಯೂ ಹೀಗೆಯೇ; ತುದಿ ಒಂದೇ, ತಲೆ ಮಾತ್ರ ಬೇರೆ. ಇನ್ನು ಸಾಲು, ಶಾಲು ಎಂಬ ಜೋಡಿಯ ಕಷ್ಟ ಬೇರೆ ತೆರನದು. ‘ಸ’ಕಾರದ ಶಕ್ತಿಯ ಬಹುಪಾಲು 4,000 ಹರ್ಟ್ಸಿನ ಮೇಲಿದೆ, ‘ಶ’ಕಾರದ್ದು ಅದಕ್ಕಿಂತ ಕೆಳಗೆ ಶುರುವಾಗುತ್ತದೆ. ಜಾಗ ಉಳಿಸಲೆಂದು ಸೆಕೆಂಡಿಗೆ 8,000 ಮಾದರಿಯ ಧ್ವನಿಮುದ್ರಣ ಬಳಸಿದರೆ ಅದರಲ್ಲಿ 4,000 ಹರ್ಟ್ಸಿನ ಮೇಲಿನದು ಇರಲಾರದು; ‘ಸ’ಕಾರ ಬೋರ್ಡಿಗೆ ಬರುವ ಮೊದಲೇ ಸತ್ತಿರುತ್ತದೆ. ‘ಲ’ ಮತ್ತು ‘ಳ’ದ ನಡುವಿನ ವ್ಯತ್ಯಾಸವಂತೂ ಮೂರನೆಯ ಅನುರಣನ ಎಷ್ಟು ಕೆಳಗಿಳಿಯಿತು ಎಂಬ ನವಿರಾದ ಸಂಗತಿಯ ಮೇಲೆ ನಿಂತಿದೆ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಹೆಸರನ್ನೇ ತೆಗೆದುಕೊಳ್ಳಿ. ಅದರ ಎರಡನೆಯ ಅಕ್ಷರ ಕೊಂಚ ಮಸುಕಾದರೂ ಹಾಲು ಹೋಗಿ ಹಾಳು ಆಗುತ್ತದೆ. ಊರಿನ ಹೆಸರನ್ನು, ದೇವರ ಹೆಸರನ್ನು ಹಾಗೆ ಕೇಳಿಸುವ ಯಂತ್ರ ಯಾರಿಗೂ ಬೇಡ.

ಪರಿಹಾರ ಹೊಸದೇನಲ್ಲ, ನಲವತ್ತು ವರ್ಷ ಹಳೆಯದು. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳ ಸಿ.ಡಿ. ಮಾರುಕಟ್ಟೆಗೆ ಬಂದಾಗ ಅದರೊಳಗಿನ ದನಿ 16 ಬಿಟ್ಟಿನದಾಗಿ, ಸೆಕೆಂಡಿಗೆ 44,100 ಮಾದರಿಯಾಗಿ ಇತ್ತು. ಆ ಅಂಕಿಗಳನ್ನು ಹಾಗೆಯೇ ಇನ್ನೊಂದು ಪೆಟ್ಟಿಗೆಗೆ ದಾಟಿಸಲು ಅವೇ ಎರಡು ಕಂಪನಿಗಳು ಒಂದು ಪದ್ಧತಿ ರೂಪಿಸಿದವು. ಅವುಗಳ ಹೆಸರಿನ ಮೊದಲಕ್ಷರ ಹೊತ್ತು ಅದು ಎಸ್‌ಪಿಡಿಐಎಫ್ ಆಯಿತು. ತೋಷಿಬಾ ಕಂಪನಿ 1983ರಲ್ಲಿ ಅದೇ ಕೆಲಸವನ್ನು ಕೆಂಪು ಬೆಳಕು ಮತ್ತು ಪ್ಲಾಸ್ಟಿಕ್ ಎಳೆಯಲ್ಲಿ ಮಾಡುವ ಟೋಸ್‌ಲಿಂಕ್ ತಂದಿತು. ಒಂದೇ ಬೋರ್ಡಿನ ಮೇಲೆ ಚಿಪ್ಪಿನಿಂದ ಚಿಪ್ಪಿಗೆ ದನಿ ದಾಟಿಸಲು ಫಿಲಿಪ್ಸ್ 1986ರಲ್ಲಿ ಐಟೂಎಸ್ ಎಂಬ ಮೂರು ತಂತಿಯ ಪದ್ಧತಿ ಕೊಟ್ಟಿತು. ಮನೆಯಲ್ಲಿ ಕಟ್ಟುವವರು ಎಸ್‌ಪಿಡಿಐಎಫ್ ಮತ್ತು ಐಟೂಎಸ್ ಇವೆರಡರ ನಡುವಿನ ಗಡಿಯನ್ನು ಗಟ್ಟಿಯಾಗಿ ನೆನಪಿಡಬೇಕು. ಸ್ಪೀಕರು ಬೋರ್ಡಿನ ಪಕ್ಕದಲ್ಲೇ, ಒಂದೇ ಪೆಟ್ಟಿಗೆಯಲ್ಲಿದ್ದರೆ ಐಟೂಎಸ್ ಸಾಕು. ಮ್ಯಾಕ್ಸ್98357ಎ ಎಂಬ ಉಗುರಗಲದ ಚಿಪ್ಪು ಆ ಅಂಕಿಗಳನ್ನು ತೆಗೆದುಕೊಂಡು ನೇರವಾಗಿ ಸ್ಪೀಕರನ್ನೇ ಕುಣಿಸುತ್ತದೆ, ನಡುವೆ ಬೇರೆ ಆಂಪ್ಲಿಫೈಯರೇ ಬೇಡ. ಆದರೆ ಐಟೂಎಸ್ ಬೆರಳುದ್ದದ ದಾರಿಗೆ ಹುಟ್ಟಿದ್ದು. ಅದನ್ನು ಮೀಟರುಗಟ್ಟಲೆ ಎಳೆದರೆ ಮೂರು ತಂತಿಗಳ ಹೆಜ್ಜೆ ತಪ್ಪುತ್ತದೆ. ಪೆಟ್ಟಿಗೆ ಒಂದು ಕಡೆ, ಮೈಕ್ ಸೆಟ್ಟು ಇನ್ನೊಂದು ಕಡೆ ಇದ್ದರೆ ಎಸ್‌ಪಿಡಿಐಎಫ್ ಬೇಕು.

ಎಸ್‌ಪಿಡಿಐಎಫ್ ಒಂದೇ ತಂತಿಯಲ್ಲಿ ಹೇಗೆ ಎಲ್ಲವನ್ನೂ ಹೊರುತ್ತದೆ ಎಂಬುದು ನಿಜಕ್ಕೂ ಚಂದದ ಸಂಗತಿ, ಕೊಂಚ ನಿಂತು ನೋಡಬೇಕು. ಭಜನೆಯಲ್ಲಿ ತಾಳ ಹಾಕುವವರನ್ನು ನೆನೆಸಿಕೊಳ್ಳಿ. ಪ್ರತಿ ಮಾತ್ರೆಯ ಆರಂಭದಲ್ಲಿ ಒಂದು ಪೆಟ್ಟು ಬಿದ್ದೇ ಬೀಳುತ್ತದೆ. ಹೇಳಬೇಕಾದ ಅಂಕಿ ಸೊನ್ನೆಯಾದರೆ ಅಷ್ಟೇ. ಒಂದು ಆದರೆ ಮಾತ್ರೆಯ ನಡುವೆ ಇನ್ನೊಂದು ಪೆಟ್ಟು. ಪೆಟ್ಟು ಎಂದರೆ ಇಲ್ಲಿ ವೋಲ್ಟೇಜು ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ ಹೋಗುವುದು. ಹೀಗಾಗಿ ಲಯವೂ ಸುದ್ದಿಯೂ ಒಂದೇ ತಂತಿಯಲ್ಲಿ ಒಟ್ಟಿಗೆ ಹೋಗುತ್ತವೆ, ಗಡಿಯಾರಕ್ಕೆ ಬೇರೆ ತಂತಿ ಬೇಡ. ಬದಲಾವಣೆಯೇ ಸುದ್ದಿಯಾದ್ದರಿಂದ ಮೇಲು ಕೆಳಗು ಅದಲುಬದಲಾದರೂ ಅರ್ಥ ಕೆಡುವುದಿಲ್ಲ. ಸರಾಸರಿಯಲ್ಲಿ ವೋಲ್ಟೇಜು ಒಂದು ಕಡೆಗೆ ವಾಲದ್ದರಿಂದ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್ ಒಂದನ್ನು ಇಟ್ಟು ಎರಡು ಕಡೆಯ ಗ್ರೌಂಡನ್ನು ಬೇರ್ಪಡಿಸಲೂಬಹುದು. ಸೆಕೆಂಡಿಗೆ 48,000 ಮಾದರಿ ಕಳಿಸುವಾಗ, ಎಡ ಬಲ ಸೇರಿ ಒಂದು ಮಾದರಿಗೆ 64 ಬಿಟ್ಟಿನಂತೆ, ಈ ತಂತಿಯಲ್ಲಿ ಸೆಕೆಂಡಿಗೆ 30,72,000 ಬಿಟ್ ಓಡುತ್ತವೆ. ಹಳೆಯ ಯುನೋ ಬೋರ್ಡಿಗೆ ಇದು ಹೊರಲಾಗದ ಹೊರೆ. ಆದರೆ ಇಎಸ್‌ಪಿ32 ತನ್ನ ಐಟೂಎಸ್ ಭಾಗದಿಂದಲೇ ಇದನ್ನು ಹೊರಡಿಸಬಲ್ಲದು. 2021ರಲ್ಲಿ ಬಂದ ರಾಸ್‌ಬೆರಿ ಪೈ ಪಿಕೊ ತನ್ನ ಎಂಟು ಪುಟ್ಟ ಸ್ಥಿತಿಯಂತ್ರಗಳಲ್ಲಿ ಒಂದನ್ನು ಈ ಕೆಲಸಕ್ಕೇ ಮೀಸಲಿಟ್ಟು, ಮುಖ್ಯ ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಬಿಡಬಲ್ಲದು.

ತಂತಿಗೆ ಬೇಕಾದ ಮಟ್ಟ ಅರ್ಧ ವೋಲ್ಟು, ಬೇಕಾದ ಪ್ರತಿರೋಧ 75 ಓಮ್. ಬೋರ್ಡಿನ ಪಿನ್ನು ಕೊಡುವುದು 3.3 ವೋಲ್ಟು. ಪಿನ್ನಿನಿಂದ 240 ಓಮ್ ರೆಸಿಸ್ಟರ್ ಒಂದನ್ನು ಸಾಲಾಗಿ, ಅದರ ತುದಿಯಿಂದ ಗ್ರೌಂಡಿಗೆ 110 ಓಮ್ ಒಂದನ್ನು ಅಡ್ಡವಾಗಿ ಬೆಸೆದರೆ ಎರಡೂ ಲೆಕ್ಕ ಒಟ್ಟಿಗೆ ಕೂಡಿಬರುತ್ತವೆ, ಮುಂದೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಆಮೇಲೆ ಆರ್‌ಸಿಎ ಸಾಕೆಟ್ಟು. ಇಷ್ಟೇ. ಇನ್ನು 75 ಓಮಿನ ತಂತಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕಿಲ್ಲ. ಟಿ.ವಿ.ಗೆ ಕೇಬಲ್ ಎಳೆಯುವವರ ಕೈಯಲ್ಲಿರುವ ಸುರುಳಿ, ಡಿಶ್‌ನಿಂದ ಮನೆಯೊಳಗೆ ಇಳಿದಿರುವ ಕಪ್ಪು ತಂತಿ, ಎರಡೂ 75 ಓಮಿನವೇ. ಆ ತುದಿಯಲ್ಲಿ ಅಂಕಿಯನ್ನು ಮತ್ತೆ ದನಿ ಮಾಡಲು ಹೊಸ ಟಿ.ವಿ.ಗಳನ್ನು ಹಳೆಯ ಹೋಮ್ ಥಿಯೇಟರಿಗೆ ಜೋಡಿಸಲೆಂದು ಅಂಗಡಿಗಳಲ್ಲಿ ಮಾರುವ ಬೆಂಕಿಪೊಟ್ಟಣದಂಥ ಡ್ಯಾಕ್ ಡಬ್ಬಿ ಸಾಕು. ಅದನ್ನು ಮೈಕ್ ಸೆಟ್ಟಿನ ಪಕ್ಕದಲ್ಲೇ, ಅದೇ ಪ್ಲಗ್ ಬೋರ್ಡಿನಿಂದ ಕರೆಂಟು ಕೊಟ್ಟು ಇಡಬೇಕು. ಅಲ್ಲಿಂದ ಆಕ್ಸ್‌ಗೆ ಹೋಗುವ ತಂತಿ ಗೇಣುದ್ದ ಮೀರಬಾರದು. ಗ್ರೌಂಡಿನ ಗಲಾಟೆ ಕೇಬಲಿನ ಜಾಲರಿಯಲ್ಲಿ ಆಗಲೂ ಹರಿಯಬಹುದು, ಆದರೆ ಡಬ್ಬಿ ಓದುವುದು ಪೆಟ್ಟುಗಳನ್ನು ಮಾತ್ರ. 50 ಹರ್ಟ್ಸಿನ ತೂಗಾಟ ಅದರ ಲೆಕ್ಕಕ್ಕೆ ಬರುವುದಿಲ್ಲ, ದನಿಯೊಳಗೆ ಸೇರುವುದೂ ಇಲ್ಲ. ಅದೂ ಬೇಡವೆಂದರೆ ಟೋಸ್‌ಲಿಂಕ್ ಇದೆ. ಬೆಳಕಿಗೆ ಗ್ರೌಂಡ್ ಎಂಬುದೇ ಇಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು: ಊರಿನ ಹಾರ್ನ್ ಸ್ಪೀಕರಿಗೆ ಇಷ್ಟೆಲ್ಲ ಏಕೆ, ಅದು ಕೊಡುವ ದನಿಯೇ ಅರೆಬರೆ ಅಲ್ಲವೆ? ಹೌದು, ಹಾರ್ನ್ ಸಂಗೀತಕ್ಕೆ ಹುಟ್ಟಿದ್ದಲ್ಲ. ಆದ್ದರಿಂದಲೇ ಅದಕ್ಕೆ ಕೊಡುವ ದನಿ ಇನ್ನಷ್ಟು ಚೊಕ್ಕವಾಗಿರಬೇಕು. ‘ಇ’ ಮತ್ತು ‘ಎ’ಯ ಮೊದಲ ಗುರುತನ್ನು ಹಾರ್ನ್ ತಾನೇ ಅರ್ಧ ಸವೆಸುತ್ತದೆ, ಉಳಿದರ್ಧದ ಮೇಲೆ ಕರೆಂಟಿನ ಸದ್ದನ್ನೂ ಹೇರಿದರೆ ಕಿವಿಗೆ ಹಿಡಿಯಲು ಏನೂ ಸಿಗದು. ನಷ್ಟಗಳು ಒಂದರ ಮೇಲೊಂದು ಕೂಡುತ್ತವೆ, ಒಂದನ್ನೊಂದು ಮರೆಸುವುದಿಲ್ಲ. ಎರಡನೆಯ ಆಕ್ಷೇಪ, ಇಷ್ಟು ಕಾಲ ಅನಲಾಗಿನಲ್ಲೇ ನಡೆದಿಲ್ಲವೆ ಎಂಬುದು. ನಡೆದಿದೆ, ಹೆಮ್ಮೆಯಿಂದ ನಡೆದಿದೆ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ 30 ವ್ಯಾಟಿನ ಟ್ರಾನ್ಸ್‌ಮಿಟರಿನಲ್ಲಿ ಬಾನುಲಿ ಶುರುಮಾಡಿದರು. ದೇಶವೇ ಇಂದು ಬಳಸುವ ಆಕಾಶವಾಣಿ ಎಂಬ ಹೆಸರು ಬೆಳೆದದ್ದು ಆ ಮನೆಯಲ್ಲಿ. ಮನೆಯಲ್ಲಿ ಕಟ್ಟಿದ್ದಕ್ಕೆ ಅದಕ್ಕಿಂತ ದೊಡ್ಡ ಮಾದರಿ ಕನ್ನಡ ನಾಡಿನಲ್ಲಿಲ್ಲ. ಆದರೆ ಆಗ ತಂತಿಯಲ್ಲಿ ಸೇರಿಕೊಂಡ ಸದ್ದನ್ನು ಮತ್ತೆ ಬೇರ್ಪಡಿಸುವ ಉಪಾಯ ಯಾರ ಕೈಯಲ್ಲೂ ಇರಲಿಲ್ಲ. ಈಗ ಸದ್ದು ದನಿಯೊಳಗೆ ಸೇರದಂತೆ ತಡೆಯುವ ಉಪಾಯವೇ ಎರಡು ರೆಸಿಸ್ಟರ್ ಮತ್ತು ಒಂದು ಡಬ್ಬಿಯ ಬೆಲೆಗೆ ಸಿಗುತ್ತಿದೆ.

ಮೂರನೆಯದು ಖರ್ಚು ಮತ್ತು ಸರಳತೆಯ ಮಾತು. ಡಿಎಫ್‌ಪ್ಲೇಯರ್ ಮಿನಿ ಎಂಬ ಪುಟ್ಟ ಎಂಪಿ3 ಬೋರ್ಡು ಇದೆ, ಮೆಮೊರಿ ಕಾರ್ಡು ಸಿಕ್ಕಿಸಿದರೆ ಹಾಡುತ್ತದೆ, ಅದಿರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಮೇಜಿನ ಮೇಲಿನ ಪ್ರದರ್ಶನಕ್ಕೆ, ಒಂದೇ ಡಬ್ಬಿಯ ಆಟಿಕೆಗೆ ಅದು ಒಳ್ಳೆಯ ಆಯ್ಕೆ, ತಕರಾರಿಲ್ಲ. ಆದರೆ ಅದರಿಂದ ಹೊರಬರುವುದು ಮತ್ತೆ ಅನಲಾಗ್ ದನಿಯೇ. ಉದ್ದ ತಂತಿಯ ಕಷ್ಟ ಹಾಗೇ ಉಳಿಯಿತು. ಬರೆದ ಕನ್ನಡವನ್ನು ಓದಿ ಹೇಳುವ ಇಸ್ಪೀಕ್‌ನಂಥ ತಂತ್ರಾಂಶ ಬಳಸುವವರಿಗಂತೂ ಅದು ಒದಗುವುದಿಲ್ಲ, ಏಕೆಂದರೆ ಅಲ್ಲಿ ದನಿ ಕಾರ್ಡಿನಲ್ಲಿ ಇರುವುದಿಲ್ಲ, ಆ ಕ್ಷಣಕ್ಕೆ ಅಂಕಿಗಳಾಗಿ ಹುಟ್ಟುತ್ತದೆ. ಬ್ಲೂಟೂತ್ ಎಂದರೆ ತಂತಿಯೇ ಇಲ್ಲವಲ್ಲ ಎನ್ನಬಹುದು. ನಮ್ಮ ಹಳ್ಳಿಗಳಲ್ಲಿ ಕರೆಂಟು ದಿನಕ್ಕೆ ಹಲವು ಸಲ ಹೋಗಿ ಬರುತ್ತದೆ; ಪ್ರತಿ ಸಲವೂ ಎರಡು ಪೆಟ್ಟಿಗೆಗಳು ಒಂದನ್ನೊಂದು ಹುಡುಕಿ ಕೈ ಹಿಡಿಯಬೇಕು, ಹಿಡಿಯದಿದ್ದರೆ ಯಾರಾದರೂ ಹೋಗಿ ಗುಂಡಿ ಒತ್ತಬೇಕು. ಬಿಗಿದ ತಂತಿಗೆ ಆ ಪಾಡಿಲ್ಲ.

ನಾಲ್ಕನೆಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಅನಲಾಗ್ ತಂತಿ ಹಳತಾದರೂ ಏನೋ ಒಂದು ಕೇಳಿಸುತ್ತಿರುತ್ತದೆ. ಡಿಜಿಟಲ್ ದಾರಿ ಕೆಟ್ಟರೆ ಒಮ್ಮೆಗೇ ಮೌನ. ಅದರ ಜೊತೆ, ಪ್ರಕಟಣೆಯ ಮೊದಲ ಅಕ್ಷರವನ್ನು ಡ್ಯಾಕ್ ಡಬ್ಬಿ ನುಂಗಿಬಿಡುತ್ತದೆ ಎಂಬ ದೂರೂ ಇದೆ. ಎರಡೂ ನಿಜ. ಎರಡನೆಯದಕ್ಕೆ ಕಾರಣ ಮತ್ತು ಮದ್ದು ಎರಡೂ ಗೊತ್ತಿವೆ: ಮಾತು ಮುಗಿದ ಕೂಡಲೆ ಬೋರ್ಡು ಪೆಟ್ಟು ಹಾಕುವುದನ್ನೇ ನಿಲ್ಲಿಸಿದರೆ ಡಬ್ಬಿ ಲಯ ಮರೆಯುತ್ತದೆ, ಮತ್ತೆ ಹಿಡಿಯುವುದರೊಳಗೆ ಮೊದಲ ಅಕ್ಷರ ಹೋಗಿರುತ್ತದೆ. ಇಪ್ಪತ್ತು ಎಪ್ಪತ್ತರ ಗುರುತು ಇರುವುದೇ ಆ ಮೊದಲ ಅಕ್ಷರದಲ್ಲಿ ಎಂಬುದನ್ನು ನೆನೆದರೆ ಇದು ಸಣ್ಣ ತಪ್ಪಲ್ಲ. ಹಾಗಾಗಿ ಮಾತಿಲ್ಲದ ಹೊತ್ತಿನಲ್ಲೂ ಬೋರ್ಡು ಸೊನ್ನೆಗಳನ್ನು ಕಳಿಸುತ್ತಲೇ ಇರಬೇಕು. ಧ್ವನಿಮುದ್ರಣದ ದರವನ್ನೂ ಕಂಪ್ಯೂಟರಿನಲ್ಲಿ ಮೊದಲೇ 48,000ಕ್ಕೆ ಬದಲಿಸಿಟ್ಟುಕೊಳ್ಳಬೇಕು. 32,000, 44,100, 48,000 ಎಂಬ ದರಗಳನ್ನು ಬಲ್ಲ ಡಬ್ಬಿ 8,000ವನ್ನೋ 16,000ವನ್ನೋ ಗುರುತಿಸದು. ಇನ್ನು ಒಮ್ಮೆಗೇ ಮೌನವಾಗುವ ಮಾತು. ಹಾಡು ಕೇಳುವವರಿಗೆ ಅದು ದೋಷ. ಅಂಕಿ ಹೇಳುವ ಪೆಟ್ಟಿಗೆಗೆ ಅದೇ ಗುಣ. ಎಸ್‌ಪಿಡಿಐಎಫ್‌ನಲ್ಲಿ ಪ್ರತಿ ಮಾದರಿಯ ಕೊನೆಗೂ ತಾಳೆ ನೋಡುವ ಒಂದು ಬಿಟ್ ಇದೆ. ಒಂದು ಬಿಟ್ ತಿರುಗುಮುರುಗಾದರೆ ತಪ್ಪು ಬಯಲಾಗುತ್ತದೆ. ಕೇಳಿಸದಿದ್ದರೆ ಜನ ಹೋಗಿ ವಿಚಾರಿಸುತ್ತಾರೆ. ಎಪ್ಪತ್ತನ್ನು ಇಪ್ಪತ್ತೆಂದು ಕೇಳಿಸಿಕೊಂಡವರು ವಿಚಾರಿಸುವುದಿಲ್ಲ, ಅದನ್ನೇ ನಂಬಿ ಹೊರಟುಹೋಗುತ್ತಾರೆ.

ದೂರದ ಮಿತಿಯೂ ಇದೆ, ಮುಚ್ಚಿಡುವಂತಿಲ್ಲ. ಮನೆ ಬಳಕೆಯ ಎಸ್‌ಪಿಡಿಐಎಫ್ ಸುಮಾರು 10 ಮೀಟರಿನ ಒಳಗಿನ ದಾರಿಗೆ ನೆಮ್ಮದಿಯದು, ಪ್ಲಾಸ್ಟಿಕ್ ಎಳೆಯ ಟೋಸ್‌ಲಿಂಕ್ ಇನ್ನೂ ಕಮ್ಮಿ. ಒಂದು ಗುಡಿಯ ಕಚೇರಿಯಿಂದ ಪ್ರಾಂಗಣದ ಮೈಕ್ ಸೆಟ್ಟಿಗೆ ಸಾಕು, ಊರಿನ ಆ ತುದಿಗೆ ಸಾಲದು. ಹಾಲುರಾಮೇಶ್ವರದಂಥ ಕ್ಷೇತ್ರದಲ್ಲಿ ಭಕ್ತರು ಕೊಳದ ಮುಂದೆ ಕೂತು ಗಂಗೆಯ ಪ್ರಸಾದಕ್ಕಾಗಿ ಮೌನವಾಗಿ ಕಾಯುತ್ತಾರೆ. ಅಲ್ಲಿ ಸರದಿಯ ಸಂಖ್ಯೆಯನ್ನೋ ಬಸ್ಸಿನ ಹೊತ್ತನ್ನೋ ಹೇಳುವ ಪೆಟ್ಟಿಗೆಯನ್ನು ಯಾರಾದರೂ ಕಟ್ಟಿದರೆ ಅದಕ್ಕಿರುವ ದಾರಿ ಈ ಅಳತೆಯದೇ. ಅಲ್ಲಿ ಇನ್ನೊಂದು ಲಾಭವೂ ಇದೆ. ಮಾತು ತಿಳಿಯದಿದ್ದಾಗ ಎಲ್ಲರೂ ಮಾಡುವುದು ವಾಲ್ಯೂಮ್ ಏರಿಸುವುದು. ಏರಿಸಿದರೆ ಸದ್ದೂ ಜೊತೆಗೇ ಏರುತ್ತದೆ, ಮತ್ತೆ ಏರಿಸುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬೆಲ್ ಮಿತಿ ಇಟ್ಟಿವೆ. ಚೊಕ್ಕ ದನಿ ಕಡಿಮೆ ವಾಲ್ಯೂಮಿನಲ್ಲೇ ತಿಳಿಯುವುದರಿಂದ ಕಾದು ಕೂತವರ ಮೌನವೂ ಉಳಿಯುತ್ತದೆ.

ಈ ವಾದವನ್ನು ಯಾರೂ ಬಾಯಿಮಾತಿನಲ್ಲಿ ಒಪ್ಪಬೇಕಿಲ್ಲ, ಶಾಲೆಯ ಅಂಗಳದಲ್ಲೇ ಒಂದು ಮಧ್ಯಾಹ್ನದಲ್ಲಿ ಪರೀಕ್ಷೆ ಮಾಡಬಹುದು. ಇಪ್ಪತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು ಎಂಬ ನಾಲ್ಕು ಮಾತನ್ನು ಪೆಟ್ಟಿಗೆ ಕ್ರಮವಿಲ್ಲದೆ ಐವತ್ತು ಸಲ ಹೇಳಲಿ. ಇಪ್ಪತ್ತು ಮಾರು ದೂರದಲ್ಲಿ ಹಾರ್ನಿಗೆ ಬೆನ್ನು ಹಾಕಿ ಕೂತ ಮಕ್ಕಳು ಕೇಳಿದ್ದನ್ನು ಕೇಳಿದಂತೆ ಹಾಳೆಯ ಮೇಲೆ ಬರೆಯಲಿ. ಮೊದಲು ಪಿನ್ನಿನಿಂದ ನೇರವಾಗಿ ಆಕ್ಸ್‌ಗೆ ಎಳೆದ ತಂತಿಯಲ್ಲಿ, ಆಮೇಲೆ ಟಿ.ವಿ. ಕೇಬಲು ಮತ್ತು ಡ್ಯಾಕ್ ಡಬ್ಬಿಯ ದಾರಿಯಲ್ಲಿ, ಎರಡು ಸಲವೂ ಹಾರ್ನಿನ ಮಾತು ಒಂದೇ ಗಟ್ಟಿಯಾಗಿರುವಂತೆ ವಾಲ್ಯೂಮ್ ಹೊಂದಿಸಿಕೊಂಡು. ಆಮೇಲೆ ಎರಡು ಹಾಳೆಗಳಲ್ಲಿರುವ ತಪ್ಪುಗಳನ್ನು ಎಣಿಸಿ, ಯಾವ ಮಾತು ಯಾವುದಾಗಿ ಕೇಳಿಸಿತು ಎಂದು ಜೋಡಿ ಜೋಡಿಯಾಗಿ ಗುರುತು ಹಾಕಬೇಕು.